ಎಡವಿದ ಕಡೆಯೆಲ್ಲ ಗುರುತು ಹಾಕಿ: ಓಪನ್ ಸೋರ್ಸ್ ಡಾಕ್ಯುಮೆಂಟೇಶನ್‌ನಲ್ಲಿ ನನ್ನ ಅನುಭವ

ಮೊದಲ ಪುಟದ ಮೂರನೇ ಸಾಲಿನಲ್ಲೇ ಎಡವಿದೆ. ‘ಇನ್‌ಸ್ಟಾಲ್ ಮಾಡುವುದು ಹೇಗೆ’ ಎಂಬ ಪುಟ ಅದು, ಒಂದು ಪುಟ್ಟ ಕಂಪ್ಯೂಟರ್ ಟೂಲ್‌ನ ಕೈಪಿಡಿಯದು. ಮೊದಲ ಸಾಲು ಸ್ವಾಗತ. ಎರಡನೆಯದು ‘ಇದು ತುಂಬಾ ಸುಲಭ’ ಎಂಬ ಭರವಸೆ. ಮೂರನೆಯದು ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕಾದ ಕಮಾಂಡ್: ಪಿಪ್ ಇನ್‌ಸ್ಟಾಲ್, ಅದರ ಮುಂದೆ ಟೂಲ್‌ನ ಹೆಸರು. ಪಿಪ್ ಎಂದರೆ ಪೈಥಾನ್ ಭಾಷೆಯಲ್ಲಿ ಬರೆದ ಟೂಲ್‌ಗಳನ್ನು ಇಳಿಸಿ ಕೂರಿಸಿಕೊಡುವ ಸಲಕರಣೆ. ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ ಎಂಟರ್ ಒತ್ತಿದೆ. ಪರದೆಯ ತುಂಬ ಕೆಂಪು ಅಕ್ಷರದ ಬೈಗುಳ. ಅದರಲ್ಲಿ ನನಗೆ ಅರ್ಥವಾದದ್ದು ‘ಎರರ್’ ಎಂಬ ಒಂದೇ ಪದ.

ನಾನು ಪ್ರೋಗ್ರಾಮರ್ ಅಲ್ಲ. ನಾಲ್ಕು ಕಡೆಯಿಂದ ಬರುವ ಸಿಎಸ್‌ವಿ (ಕೋಷ್ಟಕದ ಮಾಹಿತಿ ಇರುವ) ಫೈಲ್‌ಗಳನ್ನು ಒಪ್ಪ ಮಾಡಿ ವರದಿ ತಯಾರಿಸುವುದು ನನ್ನ ಕೆಲಸ. ಒಂದರಲ್ಲಿ ತಾರೀಖು ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು, ಮತ್ತೊಂದರಲ್ಲಿ ನಡುನಡುವೆ ಖಾಲಿ ಸಾಲುಗಳು. ಇದನ್ನೆಲ್ಲ ಸರಿಮಾಡುವ ಪುಟ್ಟ ಕಮಾಂಡ್ ಲೈನ್ ಟೂಲ್ ಒಂದಿದೆ ಎಂದು ಗೊತ್ತಾಗಿ ಅದರ ಬೆನ್ನು ಹತ್ತಿದ್ದೆ. ಪೈಥಾನ್‌ನಲ್ಲಿ ಬರೆದದ್ದು, ಓಪನ್ ಸೋರ್ಸ್ (ಅದರ ಕೋಡ್ ಎಲ್ಲರಿಗೂ ತೆರೆದದ್ದು), ನಾಲ್ಕೈದು ಜನ ತಮ್ಮ ಬಿಡುವಿನಲ್ಲಿ ನೋಡಿಕೊಳ್ಳುವಂಥದ್ದು. ಆ ಪ್ರಾಜೆಕ್ಟ್‌ಗೆ ಮುಂದೆ ನಾನೇ ಡಾಕ್ಸ್ (ಡಾಕ್ಯುಮೆಂಟೇಶನ್, ಅಂದರೆ ಬಳಸುವವರಿಗಾಗಿ ಇರುವ ಕೈಪಿಡಿ) ಬರೆಯುತ್ತೇನೆ ಎಂದು ಆ ದಿನ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆ ಎರರ್‌ನ ಹೆಸರು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’. ಹುಡುಕಿದಾಗ ಸಿಕ್ಕ ಮೊದಲ ಉತ್ತರ, ಕಮಾಂಡ್‌ನ ಕೊನೆಗೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಪ್ಶನ್ ಸೇರಿಸಿ ಎಂದಿತು. ‘ನಿನ್ನ ಸಿಸ್ಟಮ್ ಒಡೆಯುತ್ತೇನೆ’ ಎಂದು ಹೆಸರಿನಲ್ಲೇ ಹೇಳಿಕೊಳ್ಳುವ ಆಪ್ಶನ್ ಅದು. ಆದರೂ ಸೇರಿಸಿದೆ. ನಡೆಯಿತು. ಮಾಡಬಾರದಿತ್ತು ಎಂದು ಆಮೇಲೆ ತಿಳಿಯಿತು.

ಕಾರಣ ಇಷ್ಟು. ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಎಷ್ಟೋ ಸ್ವಂತ ಕೆಲಸಗಳಿಗೆ ಅದರೊಳಗಿನ ಪೈಥಾನೇ ಆಧಾರ. ನಾವು ಪಿಪ್‌ನಿಂದ ಬೇಕಾದ್ದನ್ನೆಲ್ಲ ಅದೇ ಜಾಗಕ್ಕೆ ತುಂಬಿದರೆ ಒಂದು ದಿನ ಸಿಸ್ಟಮ್ಮೇ ಕೈಕೊಡಬಹುದು. ಅದನ್ನು ತಡೆಯುವ ನಿಯಮವೊಂದನ್ನು ಪೈಥಾನ್ ಸಮುದಾಯ ಪೆಪ್ 668 ಎಂಬ ಪ್ರಸ್ತಾವದ ಮೂಲಕ ಒಪ್ಪಿಕೊಂಡಿತು. 2023ರಲ್ಲಿ ಬಂದ ಡೆಬಿಯನ್ 12 ಅದನ್ನು ಜಾರಿಗೆ ತಂದಿತು. ನಾನು ಓದುತ್ತಿದ್ದ ಪುಟ ಅದಕ್ಕೂ ಹಿಂದಿನದು. ಬರೆದ ದಿನ ಪ್ರತಿ ಅಕ್ಷರವೂ ಸರಿಯಾಗಿತ್ತು. ಆಮೇಲೆ ಯಾರೂ ಆ ಪುಟ ಮುಟ್ಟಲಿಲ್ಲ, ಲೋಕ ಮುಂದೆ ಹೋಯಿತು, ಪುಟ ತಪ್ಪಾಯಿತು. ಕೋಡ್ ಹೀಗೆ ಕೆಟ್ಟರೆ ಟೆಸ್ಟ್‌ಗಳು ಕೂಗಿಕೊಳ್ಳುತ್ತವೆ. ಪುಟ ಕೆಟ್ಟರೆ ಕೂಗುವವರಿಲ್ಲ, ಎಡವಿದವರು ಎದ್ದು ಮೈ ಕೊಡವಿಕೊಂಡು ಮುಂದೆ ಹೋಗುತ್ತಾರೆ.

ನಾನೂ ಹೋಗುತ್ತಿದ್ದೆ. ಆದರೆ ನನಗೊಂದು ಹಳೆಯ ಅಭ್ಯಾಸ, ಹೊಸ ಕೆಲಸಕ್ಕೆ ಕೂತಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳುತ್ತೇನೆ. ಪುಟ ಏನು ಹೇಳಿತು, ನಾನು ಏನು ಟೈಪ್ ಮಾಡಿದೆ, ಏನಾಯಿತು, ಕೊನೆಗೆ ಯಾವುದರಿಂದ ಬಿಡಿಸಿಕೊಂಡೆ, ಇಷ್ಟು ಬರೆದಿಡುವುದು. ಎರಡು ಸಂಜೆ ಕಳೆಯುವಷ್ಟರಲ್ಲಿ ಆ ಹಾಳೆಯಲ್ಲಿ 14 ನಮೂದು. ‘ಕಾನ್ಫಿಗ್ ಫೈಲ್ ತೆರೆಯಿರಿ’ ಎಂದಿದೆ, ಆ ಫೈಲ್ ಎಲ್ಲಿದೆ ಎಂದಿಲ್ಲ. ಉದಾಹರಣೆಯ ಸಿಎಸ್‌ವಿ ಇಳಿಸಿಕೊಳ್ಳಿ ಎನ್ನುವ ಲಿಂಕ್ ಸತ್ತಿದೆ. ಒಂದೇ ವಸ್ತುವಿಗೆ ಒಂದು ಪುಟದಲ್ಲಿ ‘ಪ್ರೊಫೈಲ್’, ಮುಂದಿನ ಪುಟದಲ್ಲಿ ‘ಪ್ರಿಸೆಟ್’. ಎರಡೂ ಬೇರೆ ಬೇರೆ ಎಂದುಕೊಂಡು ಅರ್ಧ ಗಂಟೆ ಹುಡುಕಾಡಿದ್ದೆ.

ಈ ಹಾಳೆಯನ್ನು ಏನು ಮಾಡುವುದೆಂದು ತಿಳಿಯದೆ ಪ್ರಾಜೆಕ್ಟ್‌ನ ಇಶ್ಯೂಗಳನ್ನು, ಅಂದರೆ ಬಳಸುವವರು ದಾಖಲಿಸಿದ ದೂರು, ಪ್ರಶ್ನೆಗಳನ್ನು ನೋಡತೊಡಗಿದೆ. ತೆರೆದಿರುವವನ್ನಲ್ಲ, ಮುಚ್ಚಿದವನ್ನು. ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಗುಟ್ಟು ಇದೇ. ತೆರೆದ ಇಶ್ಯೂಗಳಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಪಟ್ಟಿ ಹಚ್ಚಿದವು ಇರುತ್ತವೆ ನಿಜ, ಆದರೆ ಅವನ್ನು ಹಿಡಿಯಲು ಹತ್ತು ಜನ ಕಾದಿರುತ್ತಾರೆ. ಮುಚ್ಚಿದ ಇಶ್ಯೂಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ನನ್ನದೇ ಎರರ್ ಬಗ್ಗೆ ಮೂರು ಜನ ಕೇಳಿದ್ದರು. ಮೂರಕ್ಕೂ ಒಬ್ಬರೇ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ತಾಳ್ಮೆಯಿಂದ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ‘ವರ್ಚುಯಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ನ ಪೈಥಾನ್‌ಗೆ ತಾಗದ ಪ್ರತ್ಯೇಕ ಜಾಗ) ಮಾಡಿಕೊಳ್ಳಿ’ ಎಂದು ಉತ್ತರಿಸಿ ಇಶ್ಯೂ ಮುಚ್ಚಿದ್ದರು. ಉತ್ತರ ಇತ್ತು, ಇರಬೇಕಾದ ಪುಟದಲ್ಲಿ ಇರಲಿಲ್ಲ. ಒಂದೇ ಪ್ರಶ್ನೆ ಮೂರು ಸಲ ಬಂದು ಮುಚ್ಚಿದೆ ಎಂದರೆ ಡಾಕ್ಸ್‌ನಲ್ಲಿ ಒಂದು ಪ್ಯಾರಾ ಕಾಣೆಯಾಗಿದೆ ಎಂದೇ ಅರ್ಥ. ಆ ಪ್ಯಾರಾದ ಮುಕ್ಕಾಲು ಭಾಗ ಮೇಂಟೇನರ್‌ರ ಉತ್ತರದಲ್ಲೇ ಬರೆದಾಗಿರುತ್ತದೆ. ನಾವು ಮಾಡಬೇಕಾದದ್ದು ಅದನ್ನು ಎತ್ತಿ ಸರಿಯಾದ ಜಾಗದಲ್ಲಿ ಕೂರಿಸುವುದು.

ಇಂಥ ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಶೇ. 93 ಮಂದಿ ಅರೆಬರೆ ಇಲ್ಲವೇ ಹಳತಾದ ಡಾಕ್ಯುಮೆಂಟೇಶನ್ ಒಂದು ಸಮಸ್ಯೆ ಎಂದಿದ್ದರು. ಅದೇ ಸಮೀಕ್ಷೆಯಲ್ಲಿ ಕೊಡುಗೆದಾರರ ಪೈಕಿ ಶೇ. 60 ಮಂದಿ ತಾವು ಅದಕ್ಕೆ ಅಪರೂಪಕ್ಕೆ ಕೈಹಾಕುತ್ತೇವೆ ಅಥವಾ ಹಾಕುವುದೇ ಇಲ್ಲ ಎಂದಿದ್ದರು. ಸೋಮಾರಿತನ ಎಂದು ಬೈಯುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಟೂಲ್ ಕಟ್ಟಿದವರಿಗೆ ಪುಟದಲ್ಲಿರುವ ಗುಂಡಿ ಕಾಣುವುದಿಲ್ಲ, ದಿನಾ ಓಡಾಡುವ ದಾರಿಯ ಗುಂಡಿಯನ್ನು ಕಾಲು ತಾನಾಗಿ ದಾಟಿಬಿಡುತ್ತದೆ. ಇದು ನನಗೇ ಆಯಿತು, ಮುಂದೆ ಹೇಳುತ್ತೇನೆ.

ಸರಿ, ಪ್ರಾಜೆಕ್ಟನ್ನು ಫೋರ್ಕ್ ಮಾಡಿದೆ (ನನ್ನ ಖಾತೆಗೆ ಒಂದು ನಕಲು), ಅದನ್ನು ನನ್ನ ಕಂಪ್ಯೂಟರಿಗೆ ಕ್ಲೋನ್ ಮಾಡಿಕೊಂಡೆ, ಬದಲಾವಣೆಗೆಂದು ಬ್ರಾಂಚ್ (ಕವಲು) ತೆಗೆದೆ. ಇವನ್ನೆಲ್ಲ ಹೇಳಿಕೊಡುವವರು ಬೇಕಷ್ಟಿದ್ದಾರೆ, ನಾನು ಹೇಳಬೇಕಾಗಿಲ್ಲ. ನನ್ನ ಮೊದಲ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಏನಾಯಿತು ಎನ್ನುವುದನ್ನು ಮಾತ್ರ ಹೇಳಲೇಬೇಕು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಒಗೆದೆ. ಇನ್‌ಸ್ಟಾಲ್ ಪುಟಕ್ಕೆ ಏಳು ಸಾಲು ಸೇರಿಸುವುದು ಅಸಲಿ ಕೆಲಸ. ಕೈಗೆ ಸಿಕ್ಕಿದ್ದೇ ತಡ, ಶೀರ್ಷಿಕೆಗಳ ಕ್ರಮ ಬದಲಿಸಿದೆ, ಕಾಗುಣಿತ ತಿದ್ದಿದೆ, ‘ಪ್ರಿಸೆಟ್’ಗಳನ್ನೆಲ್ಲ ‘ಪ್ರೊಫೈಲ್’ ಮಾಡಿದೆ, ಸತ್ತ ಲಿಂಕ್ ತೆಗೆದೆ, ಪರಿಚಯದ ಪ್ಯಾರಾ ನನಗೆ ಇಷ್ಟ ಬಂದಂತೆ ತಿರುಗಿ ಬರೆದೆ. ಅದೂ ಸಾಲದೆಂಬಂತೆ ಆ ದಿನ ಬಳಸಿದ್ದು ವಿಂಡೋಸ್ ಲ್ಯಾಪ್‌ಟಾಪ್. ಪುಲ್ ರಿಕ್ವೆಸ್ಟ್ ಕಳಿಸಿ ಡಿಫ್ (ಏನೇನು ಬದಲಾಗಿದೆ ಎಂಬ ಪಟ್ಟಿ) ತೆರೆದು ನೋಡಿದರೆ ಎದೆ ಧಸಕ್ಕೆಂದಿತು: 312 ಸಾಲು ಅಳಿಸಲಾಗಿದೆ, 330 ಸಾಲು ಸೇರಿಸಲಾಗಿದೆ. ಇಡೀ ಪುಟ ಒಮ್ಮೆ ಕೆಂಪು, ಇನ್ನೊಮ್ಮೆ ಹಸಿರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೆಚ್ಚಿನ ಸಾಲುಗಳಲ್ಲಿ ಒಂದಕ್ಷರವೂ ಬೇರೆ ಇಲ್ಲ.

ಇದು ಸಾಲಿನ ಕೊನೆಯ ಜಗಳ. ಲಿನಕ್ಸ್‌ನಲ್ಲಿ ಸಾಲು ಮುಗಿಯಿತು ಎನ್ನಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ವಿಂಡೋಸ್‌ನಲ್ಲಿ ಎರಡು. ಟೈಪ್‌ರೈಟರಿನಲ್ಲಿ ಗಾಡಿಯನ್ನು ಬಲಕ್ಕೆ ತಳ್ಳುವುದು ಒಂದು, ಹಾಳೆಯನ್ನು ಮೇಲಕ್ಕೆ ಸರಿಸುವುದು ಒಂದು ಎಂದಿತ್ತಲ್ಲ, ಅದರ ಪಳೆಯುಳಿಕೆ. ನನ್ನ ಎಡಿಟರ್ ಪ್ರತಿ ಸಾಲಿನ ಬಾಲಕ್ಕೂ ಎರಡನೇ ಚಿಹ್ನೆಯನ್ನು ತಗುಲಿಸಿ ಸೇವ್ ಮಾಡಿತ್ತು. ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಅದು 312 ಬದಲಾವಣೆ.

ಮೇಂಟೇನರ್ ಸಿಟ್ಟಾಗಲಿಲ್ಲ. ‘ಧನ್ಯವಾದ. ಇದರಲ್ಲಿ ನೀವು ನಿಜವಾಗಿ ಬದಲಿಸಿದ ಸಾಲು ಯಾವುದು ಎಂದು ಹೇಳುತ್ತೀರಾ?’ ಎಂದು ಕೇಳಿದರು. ಅಷ್ಟೇ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಸಾಲಿನ ಕೊನೆಯ ಚಿಹ್ನೆಯನ್ನು ನೋಡಿಕೊಳ್ಳುವ, ಗಿಟ್‌ನ ಆಟೋ ಸಿಆರ್‌ಎಲ್‌ಎಫ್ ಸೆಟ್ಟಿಂಗ್ ಸರಿಮಾಡಿಕೊಂಡೆ, ಫೈಲನ್ನು ಮೊದಲಿನ ಸ್ಥಿತಿಗೆ ತಂದೆ. ಅವರ ಎರಡನೇ ಮಾತು, ‘ಇದನ್ನು ನಾಲ್ಕಾಗಿ ಒಡೆಯಿರಿ.’ ಇನ್‌ಸ್ಟಾಲ್‌ನ ಏಳು ಸಾಲು ಒಂದು, ಲಿಂಕ್ ಒಂದು, ಪದಬಳಕೆ ಒಂದು, ಕಾಗುಣಿತ ಒಂದು. ಪರಿಚಯದ ಪ್ಯಾರಾ ಬೇಡ, ಇದ್ದದ್ದು ಚೆನ್ನಾಗೇ ಇದೆ ಎಂದರು. ಮನಸ್ಸಿಗೆ ಸ್ವಲ್ಪ ಕಹಿಯಾಯಿತು, ನಾನು ಹೆಚ್ಚು ಹೊತ್ತು ಕೂತು ಬರೆದದ್ದು ಅದನ್ನೇ. ಈಗ ತಿರುಗಿ ಓದಿದರೆ ಅವರು ಹೇಳಿದ್ದೇ ಸರಿ. ಅದು ನನ್ನ ಶೈಲಿಯ ಪ್ರದರ್ಶನ, ಓದುಗರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಅಂದಿನಿಂದ ಕಮಿಟ್ ಮಾಡುವ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವ) ಮುಂಚೆ ಗಿಟ್ ಡಿಫ್ ನೋಡದೆ ಕೈ ಮುಂದೆ ಹೋಗುವುದಿಲ್ಲ. ಬರೆಯುವಾಗ ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ಪದ್ಧತಿಯನ್ನೂ ಹಿಡಿದೆ. ಪುಟದಲ್ಲಿ ಹೇಗೂ ಅವು ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ, ರಿವ್ಯೂ ಮಾಡುವವರಿಗೆ ಮಾತ್ರ ಬದಲಾದ ವಾಕ್ಯ ಯಾವುದೆಂದು ತಟ್ಟನೆ ಕಾಣುತ್ತದೆ.

ಆ ಏಳು ಸಾಲಿನ ಪುಲ್ ರಿಕ್ವೆಸ್ಟ್‌ಗೆ ಮೊದಲು ತಾನಾಗಿ ತಪಾಸಣೆ ಮಾಡುವ ರೋಬೋಟ್ ಪ್ರೋಗ್ರಾಂ ಅಡ್ಡ ಬಂತು. ಕಮಿಟ್‌ನಲ್ಲಿ ‘ಸೈನ್ಡ್ ಆಫ್ ಬೈ’ ಸಾಲು ಇಲ್ಲ ಎಂದು ಕೆಂಪು ಗುರುತು. ‘ಇದು ನಾನೇ ಬರೆದದ್ದು, ಇಲ್ಲವೇ ಕೊಡಲು ನನಗೆ ಹಕ್ಕಿದೆ’ ಎಂದು ನಾವು ಒಪ್ಪಿ ಹಾಕುವ ರುಜು ಅದು. 2004ರಲ್ಲಿ ಲಿನಕ್ಸ್ ಕರ್ನಲ್‌ನವರು ಶುರುಮಾಡಿದ ಪದ್ಧತಿ, ಆಮೇಲೆ ಎಷ್ಟೋ ಪ್ರಾಜೆಕ್ಟ್‌ಗಳು ಎತ್ತಿಕೊಂಡವು. ಏಳು ಸಾಲಿಗೂ ರುಜು ಬೇಕೇ ಎಂದು ಗೊಣಗಿಕೊಂಡು ಕಮಿಟ್ಟನ್ನು ತಿದ್ದಿ, ಜೀವ ಕೈಯಲ್ಲಿ ಹಿಡಿದು ಫೋರ್ಸ್ ಪುಶ್ (ಮೊದಲು ಕಳಿಸಿದ್ದರ ಮೇಲೆ ಹೊಸದನ್ನು ಒತ್ತಿ ಕೂರಿಸುವುದು) ಮಾಡಿದೆ. ಆ ಹೆಸರಿಗೇ ಹೆದರಿಕೆ. ನಮ್ಮದೇ ಫೋರ್ಕ್‌ನ, ನಾವೊಬ್ಬರೇ ಬಳಸುವ ಬ್ರಾಂಚ್‌ಗೆ ಮಾಡುವ ಫೋರ್ಸ್ ಪುಶ್‌ನಿಂದ ಯಾರ ಮನೆಯೂ ಮುರಿಯುವುದಿಲ್ಲ.

ಆಮೇಲೆ ಮೌನ. ಮೂರನೇ ದಿನಕ್ಕೇ ‘ಏನಾದರೂ ಅಪ್‌ಡೇಟ್?’ ಎಂದು ಕೇಳಿಬಿಟ್ಟೆ. ಈಗ ನೆನೆದರೆ ನಾಚಿಕೆ. ಸಂಬಳವಿಲ್ಲದೆ, ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಜನ ಅವರು. ಒಂದು ವಾರ ಬಿಟ್ಟು ಒಂದು ಸಲ ವಿನಯದಿಂದ ಕೇಳಿದರೆ ತಪ್ಪಿಲ್ಲ, ಮೂರನೇ ದಿನ ಕೇಳುವುದು ಬಾಗಿಲು ಬಡಿದ ಹಾಗೆ. ಹನ್ನೊಂದನೇ ದಿನ ಉತ್ತರ ಬಂತು. ಮರ್ಜ್ (ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳುವುದು) ಅಲ್ಲ, ರಿವ್ಯೂ.

ನಾನು ಬರೆದದ್ದು ಹೀಗಿತ್ತು: ‘ವರ್ಚುಯಲ್ ಎನ್ವಿರಾನ್‌ಮೆಂಟ್ ಎಂದರೆ ಪೈಥಾನ್‌ನ ಪ್ರತ್ಯೇಕ ಪ್ರತಿ. ಒಂದು ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳು ಇನ್ನೊಂದರ ಜೊತೆ ಬೆರೆಯದಂತೆ ಅದು ಕಾಪಾಡುತ್ತದೆ. ಆಧುನಿಕ ಲಿನಕ್ಸ್‌ಗಳಲ್ಲಿ ಇದನ್ನು ಬಳಸುವುದು ಅಗತ್ಯ, ಏಕೆಂದರೆ…’ ಹೀಗೆ ನಾಲ್ಕು ಸಾಲು ಕಳೆದ ಮೇಲೆ ಕಮಾಂಡ್. ರಿವ್ಯೂ ಮಾಡಿದವರು ಆ ನಾಲ್ಕು ಸಾಲಿನ ಪಕ್ಕ ಬರೆದಿದ್ದರು: ‘ಈ ಪುಟಕ್ಕೆ ಬಂದವರಿಗೆ ಈಗ ಏನು ಬೇಕು?’

ಯೋಚಿಸಿದೆ. ಎರರ್ ನೋಡಿ ತಲೆ ಕೆಟ್ಟು ಬಂದವರಿಗೆ ಪಾಠ ಬೇಡ, ಮುಂದಿನ ಕಮಾಂಡ್ ಬೇಕು. ರಿವ್ಯೂ ಮಾಡಿದವರೇ ನನಗೆ ಡಯಾಟ್ಯಾಕ್ಸಿಸ್ ಬಗ್ಗೆ ಹೇಳಿದ್ದು. ಡಾನಿಯೆಲೆ ಪ್ರೊಚಿಡಾ ಎಂಬವರು ರೂಪಿಸಿದ ವಿಂಗಡಣೆ ಅದು. ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮಾಡಿ ಮುಗಿಸುವ ಬಗೆ, ಹುಡುಕಿ ನೋಡಿಕೊಳ್ಳುವ ಪರಾಮರ್ಶೆ, ಯಾಕೆ ಹೀಗೆ ಎಂಬ ವಿವರಣೆ, ಇವು ನಾಲ್ಕೂ ಬೇರೆ ಬೇರೆ ಬರವಣಿಗೆ, ಒಂದೇ ಪುಟದಲ್ಲಿ ಕಲಸಬೇಡಿ ಎನ್ನುವುದು ಅದರ ಸಾರ. ನಾನು ‘ಮಾಡುವ ಬಗೆ’ಯ ಪುಟಕ್ಕೆ ‘ಯಾಕೆ ಹೀಗೆ’ಯನ್ನು ಸುರಿದಿದ್ದೆ. ನಾಲ್ಕು ಸಾಲನ್ನು ಬೇರೆ ಪುಟಕ್ಕೆ ಸಾಗಿಸಿದೆ. ಉಳಿದದ್ದು: ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎಂಬ ಎರರ್ ಬಂದರೆ ಈ ಮೂರು ಕಮಾಂಡ್ ಕ್ರಮವಾಗಿ ಕೊಡಿ.’ ಎರರ್‌ನ ಮಾತುಗಳನ್ನು ಇದ್ದ ಹಾಗೇ ಪುಟದಲ್ಲಿ ಇಟ್ಟೆ, ಜನ ಹುಡುಕುವುದು ಆ ಮಾತುಗಳನ್ನೇ ತಾನೇ. ಮಾರನೇ ದಿನ ಮರ್ಜ್ ಆಯಿತು.

ಡಯಾಟ್ಯಾಕ್ಸಿಸನ್ನು ಶಾಸ್ತ್ರದಂತೆ ಹಿಡಿದು ಕೂರುವವರನ್ನೂ ಆಮೇಲೆ ಕಂಡಿದ್ದೇನೆ. ಹತ್ತು ಪುಟದ ಪುಟ್ಟ ಟೂಲ್‌ಗೆ ನಾಲ್ಕು ವಿಭಾಗ ಮಾಡಿ, ಎರಡನ್ನು ಖಾಲಿ ಬಿಟ್ಟು, ‘ಶೀಘ್ರದಲ್ಲಿ’ ಎಂದು ಬರೆದಿಡುವುದು. ಅದರ ಅಗತ್ಯವಿಲ್ಲ.

ಇಷ್ಟಾಗಿ ಎರಡು ವಾರಕ್ಕೆ ಹೊಸ ಇಶ್ಯೂ ಬಂತು: ‘ಡಾಕ್ಸ್‌ನಲ್ಲಿ ಇರುವ ಕಮಾಂಡ್ ಕೆಲಸ ಮಾಡುತ್ತಿಲ್ಲ.’ ನಾನು ಬರೆದ ಮೂರರಲ್ಲಿ ಮೊದಲನೆಯದೇ. ‘ಎನ್‌ಶೂರ್‌ಪಿಪ್ ಲಭ್ಯವಿಲ್ಲ’ ಎಂಬ ಎರರ್. ನನಗೆ ನಂಬಿಕೆಯಾಗಲಿಲ್ಲ, ನನ್ನ ಕಂಪ್ಯೂಟರಿನಲ್ಲಿ ಓಡುತ್ತಿದೆಯಲ್ಲ! ಎರಡು ದಿನ ವಾದ ಮಾಡಿದೆ. ಕೊನೆಗೆ ಹಳೆಯ ಹಾಳೆ ತೆಗೆದು ನೋಡಿದರೆ, ಆರನೇ ನಮೂದು, ನನ್ನದೇ ಅಕ್ಷರ: ‘ಪೈಥಾನ್3-ವೆನ್ವ್ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು.’ ಡೆಬಿಯನ್‌ನಲ್ಲಿ ವರ್ಚುಯಲ್ ಎನ್ವಿರಾನ್‌ಮೆಂಟ್‌ಗೆ ಬೇಕಾದ ಭಾಗ ಪ್ರತ್ಯೇಕ ಪ್ಯಾಕೇಜ್. ನಾನೇ ಎಡವಿ, ನಾನೇ ದಾಟಿ, ನಾನೇ ಗುರುತು ಹಾಕಿ, ಪುಟ ಬರೆಯುವಾಗ ನಾನೇ ಮರೆತಿದ್ದೆ. ಹೊಸಬನ ಕಣ್ಣು ಅಷ್ಟು ಬೇಗ ಮಂಜಾಗುತ್ತದೆ.

ಅಂದಿನಿಂದ ನನ್ನ ಕಂಪ್ಯೂಟರಿನ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಡಾಕರ್ ಎಂಬ ಸಲಕರಣೆಯಲ್ಲಿ ಡೆಬಿಯನ್‌ನ ಖಾಲಿ ಕಂಟೇನರ್ ತೆರೆಯುತ್ತೇನೆ, ಅದು ಆಗಷ್ಟೇ ಹುಟ್ಟಿದ ಯಂತ್ರದ ಹಾಗೆ, ಅದಕ್ಕೇನೂ ಗೊತ್ತಿರುವುದಿಲ್ಲ. ಪುಟವನ್ನು ಬ್ರೌಸರಿನಲ್ಲಿ ತೆರೆದು ಒಂದೊಂದೇ ಕಮಾಂಡ್ ಕಾಪಿ ಮಾಡಿ ಅದರಲ್ಲಿ ಅಂಟಿಸುತ್ತೇನೆ. ಕೈಯಿಂದ ಟೈಪ್ ಮಾಡುವುದಿಲ್ಲ, ಕೈ ಸುಳ್ಳು ಹೇಳುತ್ತದೆ. ಪುಟದಲ್ಲಿ ತಪ್ಪಿದ್ದರೂ ಅಭ್ಯಾಸಬಲದಿಂದ ಸರಿಯಾಗಿಯೇ ಹೊಡೆದುಬಿಡುತ್ತದೆ. ಮುಗಿದ ಮೇಲೆ ಕಂಟೇನರ್ ಎಸೆದರಾಯಿತು.

ಈ ಹಟದಿಂದಲೇ ಸಿಕ್ಕ ತಪ್ಪೊಂದನ್ನು ಹೇಳಬೇಕು. ಫೈಲನ್ನು ಎಲ್ಲಿ ಉಳಿಸಬೇಕೆಂದು ಹೇಳುವ ‘ಔಟ್‌ಪುಟ್’ ಎಂಬ ಆಪ್ಶನ್ ನಮ್ಮ ಟೂಲ್‌ನಲ್ಲಿದೆ. ಅದರ ಹಿಂದೆ ಎರಡು ಅಡ್ಡಗೆರೆ ಹಾಕಬೇಕು. ಪುಟದಿಂದ ಕಾಪಿ ಮಾಡಿ ಅಂಟಿಸಿದರೆ ‘ಇಂಥ ಆಪ್ಶನ್ ಇಲ್ಲ’ ಎನ್ನುತ್ತದೆ. ಕೈಯಿಂದ ಟೈಪ್ ಮಾಡಿದರೆ ನಡೆಯುತ್ತದೆ. ಕಣ್ಣಿಗೆ ಎರಡೂ ಒಂದೇ. ಒಂದು ಸಂಜೆ ಪೂರ್ತಿ ಹೋಯಿತು. ಪರದೆಯನ್ನು ಹಿಗ್ಗಿಸಿ ನೋಡಿದಾಗ ತಿಳಿಯಿತು, ಪುಟದಲ್ಲಿ ಇದ್ದದ್ದು ಎರಡು ಚಿಕ್ಕ ಗೆರೆಯಲ್ಲ, ಒಂದು ಉದ್ದ ಗೆರೆ.

ಫೈಲ್‌ನಲ್ಲಿ ಎರಡೇ ಗೆರೆ ಇತ್ತು. ಹಾಗಾದರೆ ಒಂದಾದದ್ದು ಎಲ್ಲಿ? ಡಾಕ್ಸ್ ಕಟ್ಟುತ್ತಿದ್ದದ್ದು ಸ್ಫಿಂಕ್ಸ್. ಪೈಥಾನ್‌ನ ಸ್ವಂತ ಡಾಕ್ಯುಮೆಂಟೇಶನ್‌ಗೆಂದೇ ಗಿಯಾರ್ಗ್ ಬ್ರಾಂಡ್ಲ್ ಮಾಡಿದ, 2008ರಲ್ಲಿ ಹೊರಬಂದ ಸಲಕರಣೆ. ಅದರಲ್ಲಿ ಬರೆಯುವುದು ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬ ಬಗೆಯಲ್ಲಿ. ಮಾರ್ಕ್‌ಡೌನ್ ಎಂಬ ಇನ್ನೊಂದು ಬಗೆಯ ಅಭ್ಯಾಸವಿದ್ದವರು ಕೋಡ್ ತೋರಿಸಲು ಹಿಂದುಮುಂದು ಒಂದೊಂದು ಬ್ಯಾಕ್‌ಟಿಕ್ (` ಚಿಹ್ನೆ) ಹಾಕುತ್ತಾರೆ. ಇಲ್ಲಿ ಎರಡೆರಡು ಬೇಕು. ಒಂದೇ ಹಾಕಿದರೆ ಸ್ಫಿಂಕ್ಸ್ ಅದನ್ನು ಕೋಡ್ ಎಂದು ತಿಳಿಯದೆ ಸಾಮಾನ್ಯ ಬರಹ ಎಂದುಕೊಂಡು ಓರೆ ಅಕ್ಷರದಲ್ಲಿ ಅಚ್ಚುಹಾಕುತ್ತದೆ. ಸಾಮಾನ್ಯ ಬರಹದಲ್ಲಿ ಎರಡು ಅಡ್ಡಗೆರೆ ಜೊತೆಯಾಗಿ ಬಂದರೆ, ಚೆಂದ ಕಾಣಲೆಂದು, ಒಂದು ಉದ್ದ ಗೆರೆಯಾಗಿ ಮಾಡಿಬಿಡುತ್ತದೆ. ಅಚ್ಚಿನ ಅಂದಕ್ಕೆ ಮಾಡಿದ ಉಪಕಾರ ಕಮಾಂಡ್‌ಗೆ ಮುಳುವಾಗಿತ್ತು. ಇಡೀ ಡಾಕ್ಸ್‌ನಲ್ಲಿ ಇಂಥವು ಒಂಬತ್ತು ಕಡೆ ಇದ್ದವು. ಎಷ್ಟೋ ಜನ ಓದಿ ತಿದ್ದಿದ್ದ ಪುಟಗಳು, ಓದಿದರೆ ಕಾಣುವ ತಪ್ಪೇ ಅಲ್ಲ ಅದು.

ಆ ಒಂಬತ್ತು ಜಾಗ ತಿದ್ದಿದ ಪುಲ್ ರಿಕ್ವೆಸ್ಟ್‌ನಲ್ಲಿ ಹೊಸ ಪದ ಒಂದೂ ಇರಲಿಲ್ಲ, ಬರೀ ಬ್ಯಾಕ್‌ಟಿಕ್‌ಗಳು. ನನ್ನ ಕೊಡುಗೆಗಳಲ್ಲಿ ಇವತ್ತಿಗೂ ನನಗೆ ಹೆಚ್ಚು ಹೆಮ್ಮೆ ಅದರದ್ದೇ. ಡಾಕ್ಯುಮೆಂಟೇಶನ್ ಎಂದರೆ ಬರವಣಿಗೆ ಎಂದುಕೊಂಡು ಬಂದಿದ್ದೆ. ಹತ್ತರಲ್ಲಿ ಏಳು ಪಾಲು ಅದು ಓಡಿಸಿ ನೋಡುವ ಕೆಲಸ.

ಬರವಣಿಗೆಯ ಪಾಲಿನಲ್ಲಿ ನನಗಿದ್ದ ಅಳುಕು ಇಂಗ್ಲಿಷಿನದು. ಡಾಕ್ಸ್ ಇರುವುದು ಇಂಗ್ಲಿಷಿನಲ್ಲಿ, ನನ್ನದು ಕಲಿತ ಇಂಗ್ಲಿಷ್. ವ್ಯಾಕರಣ ತಪ್ಪಿದರೆ ನಗುತ್ತಾರೇನೋ ಎಂದು ಮೊದಲ ಏಳು ಸಾಲನ್ನು ಇಪ್ಪತ್ತು ಸಲ ತಿದ್ದಿದ್ದೆ. ಯಾರೂ ನಗಲಿಲ್ಲ. ‘ಎ’ ಇದ್ದ ಕಡೆ ‘ದ’ ಮಾಡಿ ಮುಂದೆ ಹೋದರು. ಅದಕ್ಕಿಂತ, ನನ್ನ ಚಿಕ್ಕ ಚಿಕ್ಕ ವಾಕ್ಯಗಳೇ ಓದಲು ಸಲೀಸು ಎಂದು ಒಬ್ಬರು ಹೇಳಿದರು. ಆ ಟೂಲ್ ಬಳಸುವವರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬಹಳ ಜನ ಇದ್ದರು, ಉದ್ದ ವಾಕ್ಯ ಬರೆಯಲು ಬಾರದ್ದು ಅವರಿಗೆ ವರವಾಯಿತು.

ಭಾಷೆಯ ವಿಷಯದಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೆ ಮಾತ್ರ. ‘ತುಂಬಾ ಸುಲಭ’, ‘ಸುಮ್ಮನೆ ಹೀಗೆ ಮಾಡಿ’, ‘ಅಷ್ಟೇ’ ಎಂಬ ಮಾತುಗಳನ್ನು ಕಂಡ ಕಂಡಲ್ಲಿ ಕಿತ್ತೆ. ಗೂಗಲ್‌ನವರ ಡಾಕ್ಯುಮೆಂಟೇಶನ್ ಶೈಲಿ ಕೈಪಿಡಿಯೂ ಇವನ್ನು ಬಳಸಬೇಡಿ ಎನ್ನುತ್ತದೆ. ಆ ಎರರ್ ಎದುರು ಕೂತಾಗ ನನಗೆ ಎರಡನೇ ಸಾಲಿನ ‘ಸುಲಭ’ ಹೇಗೆ ಕೇಳಿಸಿತ್ತು ಎಂಬುದು ಇನ್ನೂ ನೆನಪಿದೆ: ಸುಲಭವಾದ್ದೂ ನಿನಗೆ ಬರುವುದಿಲ್ಲವಲ್ಲ!

ಇನ್ನೊಂದು ಸಣ್ಣ ಗೆಲುವು. ‘ಗೊತ್ತಿರುವ ಕೊರತೆಗಳು’ ಎಂಬ ಭಾಗ ಸೇರಿಸೋಣ ಎಂದಾಗ ಒಬ್ಬ ಮೇಂಟೇನರ್ ಹಿಂದೇಟು ಹಾಕಿದರು, ನಮ್ಮ ಟೂಲನ್ನು ನಾವೇ ಹಳಿದ ಹಾಗಾಗುತ್ತದೆ ಎಂದು. 1971ರ ನವೆಂಬರ್‌ನಲ್ಲಿ ಬಂದ, ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿಯ ಪುಟಗಳಲ್ಲೇ ‘ಬಗ್ಸ್’ (ದೋಷಗಳು) ಎಂಬ ಶೀರ್ಷಿಕೆ ಇತ್ತು ಎಂದು ತೋರಿಸಿದೆ. ನಕ್ಕು ಒಪ್ಪಿದರು.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಡಾಕ್ಸ್‌ನ ರಿವ್ಯೂ ನನ್ನ ಪಾಲಿಗೆ ಬಂತು. ಮೇಜಿನ ಈಚೆ ಕಡೆ ಕೂತಾಗ ಆಚೆ ಕಡೆಯ ಎಷ್ಟೋ ಸಂಗತಿಗಳು ಅರ್ಥವಾದವು. ಡಾಕ್ಸ್‌ನ ಪುಲ್ ರಿಕ್ವೆಸ್ಟ್ ಎಂದರೆ ಮೇಂಟೇನರ್‌ಗಳು ಯಾಕೆ ಒಮ್ಮೆ ಹುಬ್ಬು ಗಂಟಿಕ್ಕುತ್ತಾರೆ ಎನ್ನುವುದು ಅದರಲ್ಲಿ ಒಂದು. ಹಾಕ್ಟೋಬರ್‌ಫೆಸ್ಟ್ ಎಂದು 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. ಗೊತ್ತುಪಡಿಸಿದಷ್ಟು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಎಂದಿತ್ತು. 2020ರಲ್ಲಿ ಪ್ರಾಜೆಕ್ಟ್‌ನ ಪರಿಚಯ ಹೇಳುವ ರೀಡ್‌ಮಿ ಫೈಲ್‌ಗೆ ‘ಅದ್ಭುತ ಪ್ರಾಜೆಕ್ಟ್’ ಎಂಬಂಥ ಒಂದೆರಡು ಪದ ಸೇರಿಸಿ ಕಳಿಸಿದವರ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. ಆ ಗಾಯದ ಕಲೆ ಇನ್ನೂ ಇದೆ.

ಹಾಗೆಂದು ಒಂದಕ್ಷರದ ಕಾಗುಣಿತ ತಿದ್ದಿ ಕಳಿಸಬಾರದು ಎನ್ನುವವನಲ್ಲ ನಾನು. ಫೋರ್ಕ್, ಬ್ರಾಂಚ್, ರುಜು, ರೋಬೋಟ್, ಈ ಕೊಳಾಯಿಯೆಲ್ಲ ಹೇಗೆ ಜೋಡಿಸಿದೆ ಎಂದು ತಿಳಿಯಲು ಅದು ಒಳ್ಳೆಯ ನೆಪ. ಒಂದು ಸಲಕ್ಕೆ. ಹತ್ತನೆಯದೂ ಕಾಗುಣಿತವೇ ಆದರೆ ರಿವ್ಯೂ ಮಾಡುವವರ ಸಮಯ ಮಾತ್ರ ಖರ್ಚು.

ಈಚೆಗೆ ಬೇರೊಂದು ಬಗೆ ಶುರುವಾಗಿದೆ. ಚಾಟ್‌ಬಾಟ್‌ಗೆ ಹೇಳಿ ಬರೆಸಿದ ಪುಟ. ಓದಲು ನುಣುಪು, ಒಂದು ವ್ಯಾಕರಣದೋಷ ಇರುವುದಿಲ್ಲ, ನನ್ನ ಇಂಗ್ಲಿಷಿಗಿಂತ ಎಷ್ಟೋ ಮೇಲು. ಅಂಥ ಒಂದರಲ್ಲಿ ‘ಸ್ಕಿಪ್ ಎಂಪ್ಟಿ’ ಎಂಬ ಆಪ್ಶನ್ ಬಗ್ಗೆ ಅಚ್ಚುಕಟ್ಟಾದ ಪ್ಯಾರಾ, ಉದಾಹರಣೆ ಸಮೇತ. ನಮ್ಮ ಟೂಲ್‌ನಲ್ಲಿ ಆ ಹೆಸರಿನ ಆಪ್ಶನ್ನೇ ಇಲ್ಲ. ‘ಇದನ್ನು ಓಡಿಸಿ ನೋಡಿದಿರಾ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಚಾಟ್‌ಬಾಟ್ ಬಳಸಬೇಡಿ ಎನ್ನುವುದಿಲ್ಲ, ವಾಕ್ಯ ತಿದ್ದಿಸಿಕೊಳ್ಳಲು ನಾನೂ ಬಳಸುತ್ತೇನೆ. ಆದರೆ ಎಡವುವುದನ್ನು ಅದಕ್ಕೆ ಒಪ್ಪಿಸಲು ಬರುವುದಿಲ್ಲ, ಅದಕ್ಕೆ ಕಾಲಿಲ್ಲ.

ಹೊಸಬರು ಬಂದು ‘ನಾನು ಏನು ಬರೆಯಲಿ?’ ಎಂದರೆ ನಾನು ಕೆಲಸ ಹೇಳುವುದಿಲ್ಲ. ‘ಇನ್‌ಸ್ಟಾಲ್ ಮಾಡಿ, ಎಲ್ಲಿ ನಿಂತಿರಿ ಎಂದು ಬರೆದು ಕಳಿಸಿ, ತಿದ್ದಬೇಡಿ, ಚೆಂದ ಮಾಡಬೇಡಿ’ ಎನ್ನುತ್ತೇನೆ. ಕೆಲವರು ಮತ್ತೆ ಬರುವುದಿಲ್ಲ. ಬಂದವರ ಹಾಳೆಗಳು ಬಂಗಾರ.

ಹೋದ ತಿಂಗಳು ಅಂಥ ಒಬ್ಬರಿಂದ ಪುಲ್ ರಿಕ್ವೆಸ್ಟ್ ಬಂತು. ತೆರೆದರೆ ಪೂರ್ತಿ ಕೆಂಪು. ನನ್ನ ಆ ಮೊದಲ ಏಳು ಸಾಲಿನಲ್ಲಿ ಪುಟದಲ್ಲಿ ಉಳಿದಿದ್ದವು, ಆಮೇಲೆ ಸೇರಿಸಿದ ವೆನ್ವ್‌ನ ಸಾಲು, ಎಲ್ಲ ಅಳಿಸಿದ್ದರು. ಅದರ ಬದಲು ಪಿಪ್‌ಎಕ್ಸ್ ಬಳಸಿ ಎಂದು ನಾಲ್ಕು ಸಾಲು. ಕಮಾಂಡ್ ಲೈನ್ ಟೂಲ್‌ಗಳನ್ನು ತಾನೇ ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ ಹಾಕಿಕೊಡುವ ಸಲಕರಣೆ ಅದು. ನಮ್ಮಂಥ ಟೂಲ್‌ಗೆ ಅದೇ ಸರಿಯಾದ ದಾರಿ, ಒಪ್ಪಬೇಕಾದ್ದೇ. ಡೆಬಿಯನ್‌ನ ಆ ಬೈಗುಳದ ಎರರ್ ಕೂಡ ಕೆಳಗಿನ ಸಾಲುಗಳಲ್ಲಿ ಇದನ್ನೇ ಸೂಚಿಸುತ್ತದೆ, ಆ ದಿನ ನಾನು ಅಷ್ಟು ಕೆಳಗೆ ಓದಿರಲಿಲ್ಲ. ನಾಲ್ಕರಲ್ಲಿ ಮೂರನೇ ಸಾಲು ‘ಪಿಪ್‌ಎಕ್ಸ್ ಎನ್‌ಶೂರ್‌ಪಾತ್ ಎಂದು ಕೊಟ್ಟು, ಟರ್ಮಿನಲ್ ಮುಚ್ಚಿ ಮತ್ತೆ ತೆರೆಯಿರಿ’ ಎಂದಿತ್ತು. ಇದು ಬೇಡ, ನನಗೆ ಇದಿಲ್ಲದೆಯೂ ನಡೆಯುತ್ತದೆ ಎಂದು ಕಾಮೆಂಟ್ ಬರೆದೆ. ಕಳಿಸುವ ಮುಂಚೆ ಖಾಲಿ ಕಂಟೇನರ್ ತೆರೆದು, ಆ ಸಾಲು ಬಿಟ್ಟು ಉಳಿದದ್ದನ್ನು ಅಂಟಿಸಿದೆ. ‘ಕಮಾಂಡ್ ಸಿಗಲಿಲ್ಲ’ ಎಂದಿತು.

ಕಾಮೆಂಟ್ ಅಳಿಸಿದೆ. ಪುಟದ ವಿಳಾಸ ಬದಲಾಗಿತ್ತು, ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಒಂದು ಹಾಕಿ ಎಂದಷ್ಟೇ ಬರೆದು ಅಪ್ರೂವ್ ಒತ್ತಿದೆ.